ದೇಶ ಮೊದಲೋ, ದೇವರ ರಾಜ್ಯ ಮೊದಲೋ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ್ದು: ತಾವು ಪರಲೋಕರಾಜ್ಯದ ಪ್ರಜೆಗಳೆಂದು ನಂಬುವ ಕ್ರೈಸ್ತರು ಹುಟ್ಟಿದ ದೇಶವನ್ನು ಎಷ್ಟರಮಟ್ಟಿಗೆ ಪ್ರೀತಿಸಬಹುದು? ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ, ಉದ್ದದ ಪತ್ರಗಳನ್ನು ಮೊಟಕು ಮಾಡಿ ಉತ್ತರಿಸಿದ್ದೇವೆ. ಹೆಸರು ಹಾಕಬೇಡಿ ಎಂದವರೇ ಹೆಚ್ಚಾದ್ದರಿಂದ ಯಾರ ಹೆಸರೂ ಇಲ್ಲಿಲ್ಲ.

ಪ್ರಶ್ನೆ: ನಮ್ಮ ಸಭೆಯ ಹಿರಿಯರೊಬ್ಬರು "ನಾವಾದರೋ ಪರಲೋಕಸಂಸ್ಥಾನದವರು" ಎಂಬ ವಾಕ್ಯ ತೋರಿಸಿ, ದೇಶಪ್ರೇಮವೂ ಒಂದು ವಿಗ್ರಹಾರಾಧನೆಯೇ ಎನ್ನುತ್ತಾರೆ. ನಮ್ಮ ದೇಶದ ತಂಡ ಗೆದ್ದಾಗ ಖುಷಿಪಡುವುದೂ ಪಾಪವೇ?

ಉತ್ತರ: ಖುಷಿಪಡಿ, ಪಾಪವೇನಲ್ಲ. ಹಿರಿಯರು ತೋರಿಸಿದ ವಾಕ್ಯ ಸರಿಯಾಗಿದೆ, ಅದರಿಂದ ಅವರು ಎಳೆದ ತೀರ್ಮಾನ ಸರಿಯಿಲ್ಲ.

ಆ ವಾಕ್ಯ ಅಪೊಸ್ತಲ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 3:20ರದ್ದು. ಫಿಲಿಪ್ಪಿ ಎಂಥ ಊರು ಎಂದು ತಿಳಿದರೆ ಪೌಲನ ಮಾತಿನ ಮೊನೆ ಕಾಣುತ್ತದೆ. ಕ್ರಿ.ಪೂ. 42ರಲ್ಲಿ ಅಲ್ಲಿ ನಡೆದ ಯುದ್ಧದ ನಂತರ ಸೇವೆ ಮುಗಿಸಿದ ರೋಮನ್ ಸೈನಿಕರಿಗೆ ಜಮೀನು ಹಂಚಿ, ಆ ಊರನ್ನು ರೋಮಿನ ವಸಾಹತು ಮಾಡಲಾಯಿತು. ನೆಲ ಮಕೆದೋನ್ಯದ್ದು, ಕಾನೂನು ರೋಮಿನದ್ದು. ಅಲ್ಲಿ ನೆಲೆಸಿದವರು ಗಂಟುಮೂಟೆ ಕಟ್ಟಿಕೊಂಡು ರೋಮಿಗೆ ಮರಳುವ ದಿನ ಎಣಿಸುತ್ತ ಕೂತವರಲ್ಲ. ದೂರದ ರಾಜಧಾನಿಯ ನಡೆನುಡಿಯನ್ನು ತಾವಿದ್ದ ಊರಿನಲ್ಲಿ ಬದುಕಿ ತೋರಿಸುವುದೇ ಅವರ ಪಾತ್ರ. ಅಂಥವರಿಗೆ ಪೌಲ ನೀವು ಪರಲೋಕದವರು ಎಂದ. ಊರು ಬಿಡಿ ಎಂದು ಅವನು ಹೇಳಲಿಲ್ಲ, ಅಲ್ಲೇ ಇದ್ದು ಪರಲೋಕದ ಕಾನೂನಿನಂತೆ ಬಾಳಿ ಎಂದ.

ಅವನೂ ಹಾಗೆಯೇ ಬಾಳಿದ. ಅದೇ ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿ ಸೆರೆಮನೆಗೆ ಹಾಕಿದ ಅಧಿಕಾರಿಗಳು ಬೆಳಿಗ್ಗೆ ಗುಟ್ಟಾಗಿ ಬಿಡುಗಡೆ ಮಾಡಲು ಬಂದರೆ, ನಾವು ರೋಮಿನ ಪೌರರು, ಅಧಿಕಾರಿಗಳೇ ಬಂದು ಹೊರಗೆ ಕರೆದೊಯ್ಯಲಿ ಎಂದು ಪಟ್ಟುಹಿಡಿದ (ಅಪೊಸ್ತಲರ ಕೃತ್ಯಗಳು 16:37). ಯೆರೂಸಲೇಮಿನಲ್ಲಿ ಕೊರಡೆ ಏಟು ಬೀಳುವ ಮೊದಲು ಅದೇ ಹಕ್ಕನ್ನು ಎತ್ತಿದ (22:25). ರೋಮನ್ ಅಧಿಪತಿ ಫೆಸ್ತನ ಮುಂದೆ ನಿಂತಾಗ ಕೈಸರನಿಗೇ, ಅಂದರೆ ರೋಮಿನ ಚಕ್ರವರ್ತಿಗೇ, ಮೇಲ್ಮನವಿ ಸಲ್ಲಿಸಿದ (25:11). ಮೇಲಿನ ಪೌರತ್ವ ಇದೆಯೆಂದು ಕೆಳಗಿನದನ್ನು ಎಸೆದವನಲ್ಲ ಅವನು.

ಪ್ರೀತಿಯ ಮಾತಿಗೆ ಬರೋಣ. ತನ್ನ ಸ್ವಜನರಿಗಾಗಿ ತಾನೇ ಶಾಪಗ್ರಸ್ತನಾದರೂ ಆಗಲಿ ಎನ್ನುವಷ್ಟು ಸಂಕಟ ಪೌಲನಿಗಿತ್ತು (ರೋಮಾ 9:3). ಯೇಸು ಯೆರೂಸಲೇಮನ್ನು ಕಂಡು ಅತ್ತರು (ಲೂಕ 19:41). ಆ ಪಟ್ಟಣದ ತಪ್ಪನ್ನೂ ಅದಕ್ಕೆ ಬರಲಿದ್ದ ನಾಶವನ್ನೂ ಬಾಯಿಬಿಟ್ಟು ಹೇಳಿದವರು ಅದೇ ಯೇಸು. ಯೆರೆಮೀಯ 29ನೇ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಬರೆದ ಕಾಗದ ಅದು: ಮನೆ ಕಟ್ಟಿ, ತೋಟ ಮಾಡಿ ಫಲ ತಿನ್ನಿ, ಮದುವೆಯಾಗಿ, ಮಕ್ಕಳಿಗೂ ಮದುವೆ ಮಾಡಿಸಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ತಮ್ಮ ನಾಡಿನ ಮೇಲೆ ದಂಡೆತ್ತಿ ಬಂದು ತಮ್ಮನ್ನು ಸೆರೆಹಿಡಿದವರ ಪಟ್ಟಣಕ್ಕೇ ಇಷ್ಟು ಹೇಳಿದ ದೇವರು, ಹುಟ್ಟಿದ ನೆಲವನ್ನು ಪ್ರೀತಿಸಬೇಡಿ ಎಂದಾರೆಯೇ? ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ದೇಶಪ್ರೇಮವನ್ನು ತಂದೆತಾಯಿಯರನ್ನು ಸನ್ಮಾನಿಸು ಎಂಬ ಆಜ್ಞೆಯ ಕೆಳಗೇ ಇಟ್ಟು, ಅದನ್ನು ಕೃತಜ್ಞತೆಯ ಕರ್ತವ್ಯ ಎಂದು ಕರೆಯುತ್ತದೆ (ಪರಿಚ್ಛೇದ 2239). ಕಥೋಲಿಕರಿಗೂ ಲೂಥರನ್ನರಿಗೂ ಇದು ನಾಲ್ಕನೆಯ ಆಜ್ಞೆ, ಉಳಿದ ಹೆಚ್ಚಿನ ಪ್ರೊಟೆಸ್ಟಂಟರ ಲೆಕ್ಕದಲ್ಲಿ ಐದನೆಯದು.

ಹಾಗಿದ್ದರೆ ಅದು ವಿಗ್ರಹವಾಗುವುದು ಯಾವಾಗ? ದೇಶದ ಒಂದು ತಪ್ಪನ್ನೂ ಒಪ್ಪಿಕೊಳ್ಳಲು ಬಾಯಿ ಬರದಿದ್ದಾಗ. ಇನ್ನೊಂದು ಜನಾಂಗವನ್ನು ದ್ವೇಷಿಸದೆ ಈ ಪ್ರೀತಿ ಉಸಿರಾಡಲಾರದು ಎನ್ನುವಂತಾದಾಗ. ಮನಸ್ಸಾಕ್ಷಿಯನ್ನೂ ಒಪ್ಪಿಸಿಬಿಡು ಎಂದು ದೇಶ ಕೇಳಿ, ನಾವು ತಲೆಯಾಡಿಸಿದಾಗ. ಮೊದಲನೆಯದೇ ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ಎಂದು ನಮಗನ್ನಿಸುತ್ತದೆ. ದಾನಿಯೇಲ 9ನೇ ಅಧ್ಯಾಯ, ನೆಹೆಮೀಯ 1ನೇ ಅಧ್ಯಾಯ ಓದಿ. ಇಬ್ಬರೂ ದೇಶಕ್ಕಾಗಿ ಉಪವಾಸ ಕೂತವರು. ಇಬ್ಬರೂ ತಮ್ಮ ಜನರ ಪಾಪವನ್ನು ಅವರ ತಲೆಗೆ ಕಟ್ಟದೆ, ನಾವು ಪಾಪ ಮಾಡಿದ್ದೇವೆ ಎಂದು ತಮ್ಮನ್ನೂ ಸೇರಿಸಿಕೊಂಡು ಅರಿಕೆ ಮಾಡಿದರು. ಹೀಗೆ ಅರಿಕೆ ಮಾಡಬಲ್ಲ ದೇಶಪ್ರೇಮಕ್ಕೆ ಹಿರಿಯರು ಹೆದರಬೇಕಾಗಿಲ್ಲ.

ಪ್ರಶ್ನೆ: ರಾಷ್ಟ್ರೀಯ ದಿನ ಭಾನುವಾರವೇ ಬಿದ್ದರೆ ನಮ್ಮ ಸಭೆಯಲ್ಲಿ ಜಗಳ ಶುರು. ಧ್ವಜವನ್ನು ಪೀಠದ ಪಕ್ಕ ಇಡೋಣ ಎಂದು ಯುವಕರು, ಒಳಗೆ ಬೇಡವೇ ಬೇಡ ಎಂದು ಹಿರಿಯರು. ಧ್ವಜವಂದನೆಯೇ ತಪ್ಪು ಎನ್ನುವ ಒಂದೆರಡು ಕುಟುಂಬಗಳೂ ಇವೆ.

ಉತ್ತರ: ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಕಲೆತುಹೋಗಿವೆ. ವಂದನೆ ಮಾಡಬಹುದೇ ಎಂಬುದು ಒಂದು, ಆರಾಧನೆಯೊಳಗೆ ಅದಕ್ಕೆ ಜಾಗ ಎಲ್ಲಿ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಆದಿಸಭೆಯ ನಡೆ ನೋಡಿ. ಸುಮಾರು 112ರಲ್ಲಿ ಬಿಥೂನ್ಯದ ರಾಜ್ಯಪಾಲ ಪ್ಲಿನಿ ಚಕ್ರವರ್ತಿ ಟ್ರಾಜನನಿಗೆ ಬರೆದ ಕಾಗದ ಉಳಿದುಬಂದಿದೆ. ಕ್ರೈಸ್ತನೆಂದು ಆಪಾದನೆ ಬಂದವನನ್ನು ಅವನು ಪರೀಕ್ಷಿಸುತ್ತಿದ್ದ ರೀತಿ ಅದರಲ್ಲಿದೆ: ದೇವತೆಗಳಿಗೆ ಮೊರೆಯಿಡಬೇಕು, ಚಕ್ರವರ್ತಿಯ ಪ್ರತಿಮೆಗೆ ಧೂಪವನ್ನೂ ದ್ರಾಕ್ಷಾರಸವನ್ನೂ ಅರ್ಪಿಸಬೇಕು, ಕ್ರಿಸ್ತನನ್ನು ಶಪಿಸಬೇಕು. ನಿಜವಾದ ಕ್ರೈಸ್ತರಿಂದ ಇದರಲ್ಲಿ ಒಂದನ್ನೂ ಮಾಡಿಸಲಾಗದಂತೆ ಎಂದೂ ಬರೆದಿದ್ದಾನೆ. ಅದೇ ಶತಮಾನದ ನಡುವಿನಲ್ಲಿ ಸ್ಮುರ್ನದ ಮುದಿ ಬಿಷಪ್ ಪಾಲಿಕಾರ್ಪ್ ಅವರನ್ನು ಹಿಡಿದು ಗಾಡಿಯಲ್ಲಿ ಕರೆದೊಯ್ಯುವಾಗ ಅಧಿಕಾರಿಗಳು ಮೆತ್ತಗೆ ಕೇಳಿದರಂತೆ: ಕೈಸರನೇ ಒಡೆಯ ಎಂದು ಒಂದು ಮಾತು ಹೇಳಿ ಧೂಪ ಹಾಕಿದರೆ ಏನು ನಷ್ಟ? ಅವರು ಒಪ್ಪಲಿಲ್ಲ. ಕ್ರೀಡಾಂಗಣದಲ್ಲಿ ಕ್ರಿಸ್ತನನ್ನು ದೂಷಿಸು ಎಂದಾಗ, 86 ವರ್ಷ ಆತನ ಸೇವೆ ಮಾಡಿದ್ದೇನೆ, ಆತನಿಂದ ನನಗೆ ಒಂದು ಕೇಡೂ ಆಗಿಲ್ಲ, ನನ್ನ ಅರಸನನ್ನು ಹೇಗೆ ದೂಷಿಸಲಿ ಎಂದರು. ಇಷ್ಟು ಕಟ್ಟುನಿಟ್ಟಾಗಿದ್ದ ಜನರೇ ಚಕ್ರವರ್ತಿಯ ದೀರ್ಘಾಯುಸ್ಸಿಗೆ, ಅವನ ಮನೆತನದ ಭದ್ರತೆಗೆ, ಲೋಕದ ನೆಮ್ಮದಿಗೆ ಪ್ರಾರ್ಥಿಸುತ್ತಿದ್ದರು. ಸುಮಾರು 197ರಲ್ಲಿ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಅದನ್ನು ಒಂದೊಂದಾಗಿ ಎಣಿಸಿ ಬರೆದಿದ್ದಾನೆ.

ಅಂದರೆ ಗೆರೆ ಎಳೆದಿದ್ದು ಗೌರವಕ್ಕೂ ಆರಾಧನೆಗೂ ನಡುವೆ. 1 ಪೇತ್ರ 2:17ರಲ್ಲೂ ದೇವರಿಗೆ ಭಯಪಡಿ ಎಂದಿದೆ, ಅರಸನಿಗೆ ಸನ್ಮಾನ ಎಂದಷ್ಟೇ ಇದೆ. ಎದ್ದು ನಿಲ್ಲುವುದು, ನಮಸ್ಕರಿಸುವುದು, ರಾಷ್ಟ್ರಗೀತೆ ಹಾಡುವುದು ಸನ್ಮಾನ ಎಂದೇ ಬಹುಪಾಲು ಸಭೆಗಳು ಎಣಿಸುತ್ತವೆ, ನಮ್ಮ ಅಭಿಪ್ರಾಯವೂ ಅದೇ. ಹಾಗಲ್ಲ ಎನ್ನುವ ಆ ಒಂದೆರಡು ಕುಟುಂಬಗಳನ್ನು ದೇಶದ್ರೋಹಿಗಳಂತೆ ನೋಡಬೇಡಿ. ಮನಸ್ಸಾಕ್ಷಿ ಒಪ್ಪದ್ದನ್ನು ಮಾಡಿಸುವುದು ತಪ್ಪು ಎಂದು ರೋಮಾ 14ನೇ ಅಧ್ಯಾಯವಿಡೀ ಹೇಳುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ ಕೂಡ 1940ರಲ್ಲಿ ಶಾಲಾಮಕ್ಕಳು ಧ್ವಜವಂದನೆ ಮಾಡಲೇಬೇಕೆಂದು ಹೇಳಿ, ಮೂರೇ ವರ್ಷದಲ್ಲಿ, 1943ರಲ್ಲಿ, ಬಲವಂತ ಕೂಡದೆಂದು ತನ್ನ ತೀರ್ಪನ್ನೇ ತಿದ್ದಿಕೊಂಡಿತು.

ಇನ್ನು ಜಾಗದ ಮಾತು. ಧ್ವಜಾರೋಹಣವನ್ನು ಅಂಗಳದಲ್ಲಿ, ಆರಾಧನೆಗೆ ಅರ್ಧ ಗಂಟೆ ಮೊದಲು ಇಟ್ಟುಕೊಳ್ಳಿ. ಬಾರದವರನ್ನು ಯಾರೂ ಎಣಿಸಬಾರದು. ಬಳಿಕ ಘಂಟೆ ಹೊಡೆದು ಎಂದಿನ ಕ್ರಮದಲ್ಲೇ ಆರಾಧನೆ ಶುರುವಾಗಲಿ. ಸಾಮಾನ್ಯವಾಗಿ ಎಡವಟ್ಟಾಗುವುದು ಮೂರು ಕಡೆ: ಶಿಲುಬೆಗಿಂತ ಎತ್ತರದಲ್ಲಿ ಅಥವಾ ಅದಕ್ಕೆ ಅಡ್ಡವಾಗಿ ಧ್ವಜ ನಿಲ್ಲಿಸುವುದು, ಸಮಯ ಸಾಲದೆಂದು ವಿಶ್ವಾಸಪ್ರಮಾಣವನ್ನೋ ಪಾಪದರಿಕೆಯನ್ನೋ ಬಿಟ್ಟು ಆ ಜಾಗಕ್ಕೆ ದೇಶಭಕ್ತಿಗೀತೆ ಸೇರಿಸುವುದು, ಪ್ರಸಂಗದ ಬದಲು ಗಣ್ಯರ ಭಾಷಣ ಇಡುವುದು. ಮೂರನೆಯದು ಶುರುವಾದರೆ ಮುಂದಿನ ವರ್ಷ ಯಾವ ಪಕ್ಷದ ಗಣ್ಯರು ಎಂಬ ಜಗಳ ಗ್ಯಾರಂಟಿ.

ಕಾರ್ಯಕ್ರಮದ ಪಟ್ಟಿ ಸಿದ್ಧವಾದ ಮೇಲೆ ಹೀಗೊಮ್ಮೆ ಯೋಚಿಸಿ: ನಿಮ್ಮ ದೇಶದೊಡನೆ ಯುದ್ಧದಲ್ಲಿರುವ ದೇಶದ ಒಬ್ಬ ಕ್ರೈಸ್ತ ಅಂದು ಕೊನೆಯ ಬೆಂಚಿನಲ್ಲಿ ಕೂತಿದ್ದಾನೆ. ಯಾವ ಹಾಡಿಗೆ, ಯಾವ ಪ್ರಾರ್ಥನೆಗೆ ಅವನ ಬಾಯಿಂದ ಆಮೆನ್ ಬರುವುದಿಲ್ಲವೋ ಅದನ್ನು ಅಂಗಳದ ಕಾರ್ಯಕ್ರಮಕ್ಕೆ ವರ್ಗಾಯಿಸಿ. ಕರ್ತರ ಮೇಜಿನ ಮುಂದೆ ನೀವೂ ಅವನೂ ಒಂದೇ ರೊಟ್ಟಿಯ ಪಾಲುಗಾರರು.

ಪ್ರಶ್ನೆ: ಆ ದಿನ ದೇಶಕ್ಕಾಗಿ ವಿಜ್ಞಾಪನಾ ಪ್ರಾರ್ಥನೆ ನಡೆಸುವ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ. ಹೇಗೆ ಸಿದ್ಧಪಡಿಸಿಕೊಳ್ಳಲಿ?

ಉತ್ತರ: ಬರೆದುಕೊಂಡೇ ಹೋಗಿ. ಬಾಯಿಗೆ ಬಂದಂತೆ ಮಾಡಿದರೆ ದೇಶದ ಪ್ರಾರ್ಥನೆ ಬೇಗ ಸುದ್ದಿವಾಚನವಾಗುತ್ತದೆ, ಇಲ್ಲವೇ ದೇವರ ನೆಪದಲ್ಲಿ ಸಭಿಕರಿಗೆ ಬೋಧನೆಯಾಗುತ್ತದೆ. ಐದು ನಿಮಿಷ ಸಾಕು, ಕೈಬರಹದಲ್ಲಿ ಸುಮಾರು ಒಂದೂವರೆ ಪುಟ.

ಕೃತಜ್ಞತೆಯಿಂದ ಆರಂಭಿಸಿ, ಆದರೆ ಮಹಾನ್ ದೇಶ, ಶ್ರೇಷ್ಠ ಪರಂಪರೆ ಎಂಬ ಮಾತುಗಳನ್ನು ಬಿಟ್ಟು ಕಣ್ಣಿಗೆ ಕಾಣುವ ವರಗಳನ್ನು ಹೆಸರಿಸಿ: ಮಳೆ, ಬೆಳೆ, ಆಸ್ಪತ್ರೆಗಳಲ್ಲಿ ರಾತ್ರಿಪಾಳಿ ಮಾಡುವವರು, ರಸ್ತೆ ಗುಡಿಸುವವರು. ಆಮೇಲೆ ಪಾಪದರಿಕೆ. ಇಲ್ಲಿ ಅವರು ಎಂಬ ಪದ ನುಸುಳದಂತೆ ನೋಡಿಕೊಳ್ಳಿ, ದಾನಿಯೇಲನಂತೆ ನಾವು ಎನ್ನಿ. ಇಲ್ಲಿ ಅರ್ಧ ನಿಮಿಷದ ಮೌನ ಇರಲಿ. ಅರ್ಧ ನಿಮಿಷ ಸಭೆಯಲ್ಲಿ ಬಹಳ ಉದ್ದ ಅನ್ನಿಸುತ್ತದೆ, ಗಡಿಬಿಡಿ ಮಾಡಬೇಡಿ.

ಆಳುವವರಿಗಾಗಿ ಪ್ರಾರ್ಥಿಸುವಾಗ 1 ತಿಮೊಥೆಯ 2:1-2 ಆಧಾರ: ಅರಸರಿಗಾಗಿಯೂ ಅಧಿಕಾರದಲ್ಲಿರುವ ಎಲ್ಲರಿಗಾಗಿಯೂ ಪ್ರಾರ್ಥಿಸಬೇಕು, ನಾವು ನೆಮ್ಮದಿಯಿಂದ ಬಾಳುವಂತಾಗಬೇಕು. ಅಧಿಕಾರದಲ್ಲಿರುವವರು ನಿಮಗೆ ಇಷ್ಟವೋ ಅಲ್ಲವೋ ಎಂಬ ಷರತ್ತು ಅಲ್ಲಿಲ್ಲ. ಹುದ್ದೆಗಳನ್ನು ಹೇಳಿ. ವ್ಯಕ್ತಿಗಳ ಹೆಸರು ಹೇಳುವುದು ನಿಮ್ಮ ಸಭೆಯ ರೂಢಿಯಾದರೆ ಆಡಳಿತದವರದ್ದನ್ನೂ ವಿರೋಧಪಕ್ಷದವರದ್ದನ್ನೂ ಹೇಳಿ. ಅವರ ಗೆಲುವನ್ನು ಕೇಳಬೇಡಿ, ನ್ಯಾಯಬುದ್ಧಿಯನ್ನು ಕೇಳಿ. ಇಂಥ ಮಸೂದೆ ಪಾಸಾಗಲಿ, ಇಂಥವರು ಸೋಲಲಿ ಎಂದು ಸಭೆಯ ಬಾಯಿಂದ ಆಮೆನ್ ಹೇಳಿಸುವುದು ನಂಬಿಕೆದ್ರೋಹ. ತಲೆಬಾಗಿ ಕೂತವರು ಎದ್ದು ನಿಂತು ಆಕ್ಷೇಪಿಸಲಾರರು.

ಮುಂದೆ ದೇಶದಲ್ಲಿ ನೊಂದವರು, ಸೆರೆಯಲ್ಲಿರುವವರು, ಕೆಲಸವಿಲ್ಲದವರು. ಆಮೇಲೆ ನೆರೆದೇಶಗಳು, ವೈರಿಗಳೆನಿಸಿಕೊಂಡವರೂ ಸೇರಿ (ಮತ್ತಾಯ 5:44). ಜನ ಮರೆಯುವ ಭಾಗ ಇದೇ. ಅವರ ಸೈನಿಕರ ತಾಯಂದಿರಿಗಾಗಿ ಒಂದು ವಾಕ್ಯ ಇರಲಿ. ಪ್ರತಿ ಭಾಗಕ್ಕೆ ಎರಡು ಮೂರು ವಾಕ್ಯ, ಕೊನೆಯಲ್ಲಿ ಸಭೆಯವರು ಒಟ್ಟಾಗಿ ಹೇಳಲು ಒಂದು ಚಿಕ್ಕ ಮೊರೆ. ಎಲ್ಲ ಮುಗಿದು ನಿನ್ನ ರಾಜ್ಯವು ಬರಲಿ ಎಂದು ಕರ್ತರ ಪ್ರಾರ್ಥನೆಗೆ ಸಾಗಿದರೆ ಬೇರೆ ಮುಕ್ತಾಯ ಬೇಕಾಗುವುದಿಲ್ಲ. ಶನಿವಾರ ರಾತ್ರಿ ಗಟ್ಟಿಯಾಗಿ ಓದಿ, ಗಡಿಯಾರ ನೋಡಿ. ಏಳು ನಿಮಿಷ ದಾಟಿದರೆ ವಿಶೇಷಣಗಳನ್ನು ಕತ್ತರಿಸಿ.

ಪ್ರಶ್ನೆ: ನಾನು ಸರ್ಕಾರಿ ನೌಕರ. ಸತ್ಯವಲ್ಲದ ವರದಿಗೆ ಸಹಿ ಹಾಕು ಎಂದು ಮೇಲಿನವರು ಒತ್ತಾಯಿಸುತ್ತಿದ್ದಾರೆ. ನಮ್ಮ ಸಭೆಯವನೇ ಆದ ಸಹೋದ್ಯೋಗಿ ರೋಮಾ 13 ತೋರಿಸಿ, ಅಧಿಕಾರಕ್ಕೆ ಅಧೀನನಾಗು, ಪಾಪ ಅವರ ತಲೆಗೆ ಎನ್ನುತ್ತಾನೆ.

ಉತ್ತರ: ಸಹಿ ನಿಮ್ಮದು, ಪಾಪ ಅವರೊಬ್ಬರದೇ ಹೇಗಾದೀತು?

ರೋಮಾ 13ನ್ನು ಹೀಗೆ ಒಂಟಿಯಾಗಿ ಎತ್ತಿ ಬಳಸಿದ್ದರಿಂದ ಆದ ಹಾನಿ ಸಣ್ಣದಲ್ಲ. ಹಿಟ್ಲರನ ಕಾಲದ ಜರ್ಮನಿಯಲ್ಲಿ ಅದನ್ನು ಹೇಳಿಯೇ ಎಷ್ಟೋ ಸಭೆಗಳು ಬಾಯಿ ಮುಚ್ಚಿಕೊಂಡವು. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದವನ್ನು ಸಮರ್ಥಿಸಲು ಇದೇ ಅಧ್ಯಾಯ ಬಳಕೆಯಾದದ್ದನ್ನು ಅಲ್ಲಿನ ದೇವಶಾಸ್ತ್ರಜ್ಞರು 1985ರಲ್ಲಿ ಹೊರಡಿಸಿದ ಕೈರೋಸ್ ದಸ್ತಾವೇಜು ನೇರವಾಗಿ ಖಂಡಿಸಿತು. ತಪ್ಪು ಆಗುವುದು ಓದುವ ಕ್ರಮದಲ್ಲಿ. ಪೌಲ ಅಧ್ಯಾಯ ವಿಂಗಡಿಸಿ ಬರೆಯಲಿಲ್ಲ, ಆ ವಿಂಗಡಣೆ ಬಂದದ್ದು ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ. 12:9ರಿಂದ 13:10ರವರೆಗೆ ಒಂದೇ ಉಸಿರಿನಲ್ಲಿ ಓದಿ. ಕೆಟ್ಟದ್ದನ್ನು ಹೇಸಿರಿ ಎಂದು ಆರಂಭವಾಗಿ, ಕೇಡಿಗೆ ಸೋಲಬೇಡ ಎಂದು ಮುಂದುವರಿದು, ಪ್ರೀತಿ ನೆರೆಯವನಿಗೆ ಕೇಡು ಮಾಡದು ಎಂದು ನಿಲ್ಲುತ್ತದೆ. ನಡುವೆ ಬರುವ ಅಧಿಕಾರಿ ನಿನ್ನ ಹಿತಕ್ಕಾಗಿ ಇರುವ ದೇವರ ಸೇವಕ. ಸೇವಕನೇ ಹೊರತು ಒಡೆಯನಲ್ಲ. ಒಡೆಯನ ಆಜ್ಞೆಗೆ ವಿರುದ್ಧವಾದುದನ್ನು ಸೇವಕ ಹೇಳಿದರೆ ಏನು ಮಾಡಬೇಕೆಂದು ಪೇತ್ರ ಹೇಳಿದ್ದಾನೆ: ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು (ಅಪೊಸ್ತಲರ ಕೃತ್ಯಗಳು 5:29).

ಆದರೆ ಈ ವಾಕ್ಯವನ್ನೂ ಹಗುರವಾಗಿ ಎಳೆದು ತರುವುದುಂಟು. ಆದೇಶ ನಿಮಗೆ ಇಷ್ಟವಿಲ್ಲ, ನಷ್ಟ ತರುತ್ತದೆ, ಮೂರ್ಖತನದ್ದು ಎಂಬ ಕಾರಣಕ್ಕೆ ಅದು ಅನ್ವಯಿಸದು. ತೆರಿಗೆ ಹೆಚ್ಚಾಯಿತೆಂದು ತಪ್ಪಿಸಿಕೊಳ್ಳಲೂ ಅದು ಆಸರೆಯಲ್ಲ. ಪೌಲ ರೋಮಿನವರಿಗೆ ತೆರಿಗೆ ಕೊಡಿ ಎಂದು ಬರೆದಾಗ ಸಿಂಹಾಸನದ ಮೇಲಿದ್ದವನು ನೀರೋ. ಪಾಪ ಮಾಡು ಎಂಬ ಆದೇಶವೋ, ಮಾಡಲೇಬೇಕಾದ ಒಳ್ಳೆಯದನ್ನು ಮಾಡಬೇಡ ಎಂಬ ಆದೇಶವೋ ಆಗಿದ್ದರೆ ಮಾತ್ರ ಆ ವಾಕ್ಯ. ಸುಳ್ಳು ವರದಿ ಮೊದಲ ಬಗೆಯದು.

ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ದಾನಿಯೇಲನ ಪುಸ್ತಕಕ್ಕಿಂತ ಒಳ್ಳೆಯ ಕೈಪಿಡಿ ಇಲ್ಲ. ಮೊದಲ ಅಧ್ಯಾಯದಲ್ಲಿ ಅರಮನೆಯ ಊಟ ಬೇಡವೆನ್ನಲು ಅವನು ಪ್ರತಿಭಟನೆ ಮಾಡಲಿಲ್ಲ, ವಿನಂತಿ ಮಾಡಿದ. ಮೇಲಧಿಕಾರಿಗೆ ತಲೆ ಹೋಗುವ ಭಯ ಎಂದು ತಿಳಿದಾಗ, ಹತ್ತು ದಿನ ಕಾಯಿಪಲ್ಯ ಮತ್ತು ನೀರು ಕೊಟ್ಟು ನೋಡಿ, ಆಮೇಲೆ ತೀರ್ಮಾನಿಸಿ ಎಂದು ದಾರಿ ತೋರಿಸಿದ. ನೀವೂ ಅಲ್ಲಿಂದ ಆರಂಭಿಸಿ. ಎದುರಿನವರ ಭಯ ಏನೆಂದು ತಿಳಿದುಕೊಳ್ಳಿ. ಬಹಳ ಸಲ ಸುಳ್ಳು ಬೇಕಾಗಿರುವುದಿಲ್ಲ, ಗಡುವಿನೊಳಗೆ ಒಂದು ಕಾಗದ ಬೇಕಾಗಿರುತ್ತದೆ. ನಿಜವಾದ ಅಂಕಿಅಂಶದ ವರದಿಯನ್ನು, ಕೆಲಸ ಏಕೆ ತಡವಾಯಿತೆಂಬ ಟಿಪ್ಪಣಿ ಸಮೇತ, ನೀವೇ ಸಿದ್ಧಮಾಡಿ ಮುಂದಿಡಿ. ಒಪ್ಪದಿದ್ದರೆ ಆದೇಶವನ್ನು ಲಿಖಿತವಾಗಿ ಕೊಡಿ ಎಂದು ವಿನಯದಿಂದ ಕೇಳಿ. ಒತ್ತಾಯ ಅಲ್ಲಿಗೇ ತಣ್ಣಗಾಗುವುದೂ ಉಂಟು. ಲಿಖಿತವಾಗಿಯೇ ಬಂದರೆ ನಿಮ್ಮ ಅಸಮ್ಮತಿಯನ್ನೂ ಕಾರಣದೊಡನೆ ಕಡತದಲ್ಲಿ ದಾಖಲಿಸಿ, ಪ್ರತಿ ಇಟ್ಟುಕೊಳ್ಳಿ, ಸೇವಾನಿಯಮ ಬಲ್ಲ ವಕೀಲರನ್ನು ಕಾಣಿ, ಮೇಲ್ಮನವಿಯ ದಾರಿ ಬಳಸಿ. ಪೌಲನೂ ಬಳಸಿದ್ದ.

ಇಷ್ಟಾದರೂ ಆಗದಿದ್ದರೆ ಮೂರನೆಯ ಅಧ್ಯಾಯ. ಶದ್ರಕ್, ಮೇಶಕ್, ಅಬೇದ್‌ನೆಗೋ ಅರಸನಿಗೆ ಬಹಿರಂಗವಾಗಿ ಆಗದು ಎಂದರು, ದೇವರು ಬಿಡಿಸದಿದ್ದರೂ ಆಗದು ಎಂದೂ ಸೇರಿಸಿದರು. ರಜೆ ಹಾಕಿ ತಪ್ಪಿಸಿಕೊಂಡು ಸಹಿಯನ್ನು ಕಿರಿಯನೊಬ್ಬನ ತಲೆಗೆ ಕಟ್ಟುವುದು ಈ ದಾರಿಯಲ್ಲ. ಬರುವ ಶಿಕ್ಷೆ ವರ್ಗಾವಣೆಯೋ ಅಮಾನತೋ ಇರಬಹುದು. ಅದನ್ನು ಮುಂಚೆಯೇ ಮನೆಯವರೊಡನೆ ಮಾತಾಡಿ. ಇದ್ದಕ್ಕಿದ್ದಂತೆ ಸಂಬಳ ನಿಂತಾಗ ಅವರಿಗೆ ಗೊತ್ತಾಗುವಂತೆ ಮಾಡಬೇಡಿ. ಮತ್ತು ಸಭೆಯವರು ಆ ಕುಟುಂಬಕ್ಕೆ ಕೆಲವು ತಿಂಗಳ ಖರ್ಚು ನೋಡಿಕೊಳ್ಳಲು ತಯಾರಿಲ್ಲದಿದ್ದರೆ, ಧೈರ್ಯವಾಗಿರು ಎಂದು ಬೋಧಿಸುವ ಹಕ್ಕೂ ಆ ಸಭೆಗಿಲ್ಲ.

ಪ್ರಶ್ನೆ: ಇಂಥ ಪಕ್ಷಕ್ಕೆ ಮತ ಹಾಕಿದರೆ ದೇವರ ರಾಜ್ಯ ಹತ್ತಿರವಾಗುತ್ತದೆ ಎಂದು ನಮ್ಮ ಸಭಾಪಾಲಕರು ಪ್ರಸಂಗ ಮಾಡುತ್ತಾರೆ. ಸರಿಯೇ?

ಉತ್ತರ: ಸರಿಯಲ್ಲ. ಜನರು ಹಿಡಿದು ಅರಸನನ್ನಾಗಿ ಮಾಡಲು ಬಂದಾಗ ಯೇಸು ಬೆಟ್ಟಕ್ಕೆ ಹೊರಟುಹೋದರು (ಯೋಹಾನ 6:15). ಭೂಲೋಕದ ರಾಜ್ಯಗಳನ್ನೆಲ್ಲ ಒಟ್ಟಿಗೆ ಕೊಡುತ್ತೇನೆ ಎಂದು ಮುಂದೆ ಬಂದವನು ಸೈತಾನ (ಮತ್ತಾಯ 4:8-9).

ಈ ಬೆರಕೆ ಹೊಸದಲ್ಲ. ಕಾನ್‌ಸ್ಟಂಟೈನ್ ಚಕ್ರವರ್ತಿ ಕ್ರೈಸ್ತರ ಪಕ್ಷ ವಹಿಸಿದಾಗ ಸಭೆಯ ಇತಿಹಾಸಕಾರ ಯೂಸೇಬಿಯಸ್‌ಗೆ ಆ ಸಾಮ್ರಾಜ್ಯ ಪರಲೋಕರಾಜ್ಯದ ಪ್ರತಿರೂಪದಂತೆಯೇ ಕಂಡಿತು. ನೂರು ವರ್ಷ ಕಳೆಯುವುದರೊಳಗೆ, 410ರಲ್ಲಿ, ಗಾಥರ ದೊರೆ ಅಲಾರಿಕ್ ರೋಮನ್ನು ಸೂರೆ ಮಾಡಿದ. ರೋಮನ್ನೂ ದೇವರ ರಾಜ್ಯವನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದವರ ನಂಬಿಕೆಯೇ ಅಲ್ಲಾಡಿತು. ಕ್ರೈಸ್ತಧರ್ಮದಿಂದಲೇ ರೋಮ್ ಹಾಳಾಯಿತು ಎಂದು ಉಳಿದವರು ದೂರಿದರು. ಅದಕ್ಕೆ ಉತ್ತರವಾಗಿ ಬಿಷಪ್ ಅಗಸ್ಟೀನ್ 413ರಿಂದ 426ರವರೆಗೆ 22 ಭಾಗಗಳ ಗ್ರಂಥ ಬರೆದರು. ದೇವರ ನಗರ ಮತ್ತು ಲೋಕದ ನಗರ ಈ ಕಾಲ ಮುಗಿಯುವವರೆಗೆ ಹೆಣೆದುಕೊಂಡೇ ಇರುತ್ತವೆ, ಯಾವ ಸಾಮ್ರಾಜ್ಯವೂ ದೇವರ ನಗರವಲ್ಲ, ಆದರೂ ಲೋಕದ ಶಾಂತಿ ನಿಜವಾದ ಒಳಿತು, ಯಾತ್ರಿಕರೂ ಅದನ್ನು ಬಳಸಿಕೊಳ್ಳುತ್ತಾರೆ, ಕಾಪಾಡುತ್ತಾರೆ ಎಂಬುದು ಅವರ ವಾದ. ಮತ ಹಾಕಬೇಕಾದ್ದು ಈ ಲೋಕದ ಶಾಂತಿಗಾಗಿ, ಸ್ವರ್ಗ ಇಳಿಸಿಕೊಳ್ಳಲಿಕ್ಕಲ್ಲ. 1934ರ ಮೇ ತಿಂಗಳಲ್ಲಿ ಹಿಟ್ಲರನ ಜರ್ಮನಿಯ ಬಾರ್ಮನ್‌ನಲ್ಲಿ ಸೇರಿದ ಸಭೆಗಳು ಹೊರಡಿಸಿದ ಘೋಷಣೆಯ ಐದನೆಯ ಅಂಶವೂ ಎರಡು ಕಡೆ ಬೇಲಿ ಹಾಕಿತು: ರಾಜ್ಯ ಮನುಷ್ಯನ ಇಡೀ ಬಾಳಿನ ಒಡೆಯನಾಗಕೂಡದು, ಸಭೆ ರಾಜ್ಯದ ಅಂಗವಾಗಕೂಡದು.

ಪೀಠದಿಂದ ಏನು ಹೇಳಬಹುದು ಹಾಗಾದರೆ? ಲಂಚ ಪಾಪ, ಮತ ಮಾರುವುದು ಪಾಪ, ಬಡವರ ಅಳಲು ದೇವರಿಗೆ ಕೇಳಿಸುತ್ತದೆ, ಸುಳ್ಳುಸುದ್ದಿಯನ್ನು ಮುಂದೆ ಕಳಿಸುವುದು ಸುಳ್ಳುಸಾಕ್ಷಿಯೇ. ಇದನ್ನೆಲ್ಲ ಗಟ್ಟಿಯಾಗಿ ಹೇಳಲಿ. ಪಕ್ಷದ ಹೆಸರು, ಚಿಹ್ನೆ, ಅಭ್ಯರ್ಥಿ ಬೇಡ. ಇಬ್ಬರು ಹಿರಿಯರು ಜೊತೆಗೂಡಿ ಖಾಸಗಿಯಾಗಿ ಹೋಗಿ ಈ ಮಾತು ಹೇಳಿ. ಸಭೆ ಮುಗಿದ ಕೂಡಲೇ ಬಾಗಿಲಲ್ಲಿ ನಿಂತು ಜಗಳವಾಡಿದರೆ ಅವರು ಇನ್ನಷ್ಟು ಬಿಗಿಯಾಗುತ್ತಾರೆ.

ಪ್ರಶ್ನೆ: ಮಗ ಸೈನ್ಯಕ್ಕೆ ಸೇರುತ್ತೇನೆ ಎನ್ನುತ್ತಾನೆ. ಕ್ರೈಸ್ತನಿಗೆ ಇದು ತರವೇ?

ಉತ್ತರ: ಇದರಲ್ಲಿ ಸಭೆಗಳೇ ಒಮ್ಮತದಲ್ಲಿಲ್ಲ. ಸ್ನಾನಿಕನಾದ ಯೋಹಾನ ತನ್ನ ಬಳಿಗೆ ಬಂದ ಸಿಪಾಯಿಗಳಿಗೆ ಕೆಲಸ ಬಿಡಿ ಎನ್ನಲಿಲ್ಲ, ಸುಲಿಗೆ ಮಾಡಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂದ (ಲೂಕ 3:14). ಶತಾಧಿಪತಿ ಕೊರ್ನೇಲ್ಯನಿಗೆ ದೀಕ್ಷಾಸ್ನಾನವಾಯಿತು. ಇನ್ನೊಂದು ಕಡೆ, 295ರಲ್ಲಿ ಉತ್ತರ ಆಫ್ರಿಕದಲ್ಲಿ 21ರ ಹರೆಯದ ಮ್ಯಾಕ್ಸಿಮಿಲಿಯನ್ ಕ್ರೈಸ್ತನಾದ ನಾನು ಸೈನ್ಯಕ್ಕೆ ಸೇರಲಾರೆ ಎಂದು ತಲೆ ಕೊಟ್ಟ. ಮೆನೊನೈಟರು, ಕ್ವೇಕರರು ಎಂಬ ಕ್ರೈಸ್ತ ಪಂಗಡಗಳವರು ಇಂದಿಗೂ ಆ ಪರಂಪರೆಯವರು. ಹೆಚ್ಚಿನ ಸಭೆಗಳು ಅಗಸ್ಟೀನರನ್ನು ಅನುಸರಿಸಿ, ನ್ಯಾಯವಾದ ಕಾರಣಕ್ಕೆ, ನ್ಯಾಯವಾದ ರೀತಿಯಲ್ಲಿ ಹೋರಾಡುವುದನ್ನು ಒಪ್ಪುತ್ತವೆ.

ಮಗನೊಡನೆ ಮಾತಾಡುವಾಗ ಒಂದು ಪ್ರಶ್ನೆ ತಪ್ಪದೆ ಕೇಳಿ: ನಿರಾಯುಧರ ಮೇಲೆ ಗುಂಡು ಹಾರಿಸು ಎಂದು ಆದೇಶ ಬಂದರೆ ಏನು ಮಾಡುತ್ತೀ? ಆಸ್ಟ್ರಿಯದ ರೈತ ಫ್ರಾನ್ಸ್ ಯೆಗರ್‌ಸ್ಟೆಟರ್ ಹಿಟ್ಲರನ ಯುದ್ಧದಲ್ಲಿ ಹೋರಾಡಲು ಒಪ್ಪದೆ 1943ರ ಆಗಸ್ಟ್ 9ರಂದು ಮರಣದಂಡನೆಗೆ ಗುರಿಯಾದ. ಹೆಂಡತಿ ಮಕ್ಕಳನ್ನು ನೆನೆದಾದರೂ ಒಪ್ಪಿಕೋ ಎಂದು ಸ್ವತಃ ಬಿಷಪರೇ ಬುದ್ಧಿ ಹೇಳಿದ್ದರು. 2007ರಲ್ಲಿ ಅದೇ ಕಥೋಲಿಕ ಧರ್ಮಸಭೆ ಅವನನ್ನು ಧನ್ಯನೆಂದು (ಸಂತಪದವಿಗೆ ಹಿಂದಿನ ಮೆಟ್ಟಿಲು) ಘೋಷಿಸಿತು. ಈ ಪ್ರಶ್ನೆಗೆ ಉತ್ತರ ಸಿದ್ಧವಿರುವ ಹುಡುಗ ಒಳ್ಳೆಯ ಸೈನಿಕನೂ ಆದಾನು.

ಪ್ರಶ್ನೆ: ಸ್ವರ್ಗದ ಪ್ರಜೆಗಳೆಂದು ಹಾಡುವ ನಿಮಗೆ ಈ ದೇಶದ ಮೇಲೆ ನಿಷ್ಠೆ ಇರುತ್ತದೆಯೇ ಎಂದು ಗೆಳೆಯನೊಬ್ಬ ಕೇಳಿದ. ಉತ್ತರ ತೋಚಲಿಲ್ಲ.

ಉತ್ತರ: ಕೋಪ ಮಾಡಿಕೊಳ್ಳಬೇಡಿ, ಪ್ರಶ್ನೆ ಹಳೆಯದು. ಕೈಸರನಿಗೆ ತೆರಿಗೆ ಕೊಡಬೇಡಿ ಎನ್ನುತ್ತಾನೆ ಎಂಬ ಸುಳ್ಳು ದೂರು ಯೇಸುವಿನ ಮೇಲೆಯೇ ಬಂದಿತ್ತು (ಲೂಕ 23:2). ಎಲ್ಲರೂ ನಿಮ್ಮಂತಾದರೆ ಚಕ್ರವರ್ತಿ ಒಂಟಿಯಾಗುತ್ತಾನೆ ಎಂದು ಎರಡನೆಯ ಶತಮಾನದಲ್ಲಿ ಕ್ರೈಸ್ತಧರ್ಮದ ಟೀಕಾಕಾರ ಸೆಲ್ಸಸ್ ಛೇಡಿಸಿದ್ದ. ಸುಮಾರು ಅದೇ ಕಾಲದಲ್ಲಿ ದಿಯೊಗ್ನೇತನೆಂಬುವನಿಗೆ ಬರೆದ ಒಂದು ಅನಾಮಿಕ ಪತ್ರ ಕೊಟ್ಟ ಉತ್ತರವನ್ನೇ ನೀವೂ ಕೊಡಬಹುದು: ಕ್ರೈಸ್ತರು ಬೇರೆ ಊರು ಕಟ್ಟಿಕೊಂಡಿಲ್ಲ, ಬೇರೆ ಭಾಷೆ ಆಡುವುದಿಲ್ಲ, ಉಡುವುದು ಉಣ್ಣುವುದು ಊರವರಂತೆಯೇ. ಎಲ್ಲರಂತೆ ಮದುವೆಯಾಗಿ ಮಕ್ಕಳನ್ನು ಹೆರುತ್ತಾರೆ, ಆದರೆ ಹುಟ್ಟಿದ ಕೂಸನ್ನು ಎಸೆಯುವುದಿಲ್ಲ. ಕಾನೂನನ್ನು ಪಾಲಿಸುತ್ತಾರೆ, ಕಾನೂನು ಕೇಳುವುದಕ್ಕಿಂತ ಹೆಚ್ಚಾಗಿಯೇ ನಡೆದುಕೊಳ್ಳುತ್ತಾರೆ. ಪ್ರತಿಯೊಂದು ಪರದೇಶವೂ ಅವರಿಗೆ ಸ್ವದೇಶ, ಪ್ರತಿಯೊಂದು ಸ್ವದೇಶವೂ ಪರದೇಶ.

ಕೊನೆಯ ಸಾಲಿಗೆ ಗೆಳೆಯ ಹುಬ್ಬೇರಿಸಿದರೆ, ಮೇಲೊಬ್ಬ ನ್ಯಾಯಾಧೀಶನಿದ್ದಾನೆಂದು ನಂಬಿದವನು ಯಾರೂ ನೋಡದ ಕಡೆಯೂ ತೆರಿಗೆ ಕಟ್ಟಬೇಕಾಗುತ್ತದೆ ಎನ್ನಿ. ಆಮೇಲೆ ಹಾಗೆಯೇ ಕಟ್ಟಿ.

ಪ್ರಶ್ನೆ: ಬೇರೆ ದೇಶದ ಪೌರತ್ವ ತೆಗೆದುಕೊಳ್ಳುತ್ತಿದ್ದೇನೆ. ಪ್ರಮಾಣವಚನದಲ್ಲಿ ಸಂಪೂರ್ಣ ನಿಷ್ಠೆ ಎಂಬ ಮಾತಿದೆ. ಆಣೆ ಇಡಲೇಬೇಡಿ ಎಂದು ಯೇಸು ಹೇಳಿದ್ದಾರಲ್ಲ?

ಉತ್ತರ: ಮತ್ತಾಯ 5:34ನ್ನು ಅಕ್ಷರಶಃ ಪಾಲಿಸುವ ಸಭೆಗಳಿವೆ. ಅಂಥವರಿಗಾಗಿಯೇ ಆಣೆಯ ಬದಲು ಗಂಭೀರವಾಗಿ ದೃಢೀಕರಿಸುತ್ತೇನೆ ಎನ್ನುವ ಪಾಠವನ್ನು ಹಲವು ದೇಶಗಳ ಕಾನೂನು ಒಪ್ಪುತ್ತದೆ. ಇಂಗ್ಲೆಂಡಿನಲ್ಲಿ ಕ್ವೇಕರರಿಗೆ ಈ ಅವಕಾಶ 1696ರಲ್ಲೇ ಸಿಕ್ಕಿತು. ಅರ್ಜಿ ತುಂಬುವಾಗಲೇ ಕೇಳಿ, ಸಮಾರಂಭದ ದಿನ ಕೇಳಿದರೆ ಗೊಂದಲವಾಗುತ್ತದೆ. ಪಾಠವನ್ನು ಮೊದಲೇ ತರಿಸಿಕೊಂಡು ಸಾಲುಸಾಲಾಗಿ ಓದಿ. ನಿಷ್ಠೆ ಎಂಬ ಮಾತು ಅಲ್ಲಿ ಇನ್ನೊಂದು ದೇಶದ ಅಥವಾ ದೊರೆಯ ನಿಷ್ಠೆಗೆ ಎದುರಾಗಿ ಬರುತ್ತದೆ, ದೇವರಿಗೆ ಎದುರಾಗಿ ಅಲ್ಲ. ಅಷ್ಟರಮಟ್ಟಿಗೆ ಶುದ್ಧ ಮನಸ್ಸಿನಿಂದ ಹೇಳಬಹುದು. ಹಳೆಯ ದೇಶದ ಪೌರತ್ವ ಉಳಿಯುತ್ತದೆಯೋ ಹೋಗುತ್ತದೆಯೋ ಎಂಬುದು ಎರಡೂ ದೇಶಗಳ ಕಾನೂನಿಗೆ ಬಿಟ್ಟದ್ದು, ಸಹಿ ಹಾಕುವ ಮೊದಲೇ ವಿಚಾರಿಸಿಕೊಳ್ಳಿ.